ಆಗದ ತಪ್ಪಿಗೆ ಮುಂಗಡ ಕ್ಷಮೆ

ಕೊಟ್ಟ ಮಾತಿಗೆ ತಪ್ಪಬಾರದು, ನಿಜ. ಆದರೆ ಕೇಳಲೇಬಾರದಂಥ ಮಾತೂ ಒಂದಿದೆಯೆ?

ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ ನೂರಕ್ಕೆ 97 ಶಿಕ್ಷೆಗಳು ತಪ್ಪೊಪ್ಪಿಗೆಯಿಂದಲೇ ಆಗುತ್ತವೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ಆರೋಪಿ ತಪ್ಪೊಪ್ಪಿಕೊಂಡರೆ ಸರ್ಕಾರಿ ವಕೀಲರು ಒಂದೆರಡು ಆರೋಪ ಕೈಬಿಡುತ್ತಾರೆ, ಇಲ್ಲವೆ ಕಡಿಮೆ ಶಿಕ್ಷೆಗೆ ಶಿಫಾರಸು ಮಾಡುತ್ತಾರೆ. ಆ ಕರಾರಿನಲ್ಲಿ ಬಹಳ ಸಲ ಇನ್ನೊಂದು ಷರತ್ತೂ ಇರುತ್ತದೆ: ಮುಂದೆ ಮೇಲ್ಮನವಿ ಸಲ್ಲಿಸುವುದಿಲ್ಲ. ಸಹಿ ಮೊದಲು, ಶಿಕ್ಷೆ ಆಮೇಲೆ.

ಇದರ ಪರವಾದ ವಾದ ಹಗುರವಾದದ್ದಲ್ಲ. ಹಕ್ಕು ಬಿಟ್ಟದ್ದಕ್ಕೆ ಅವನಿಗೆ ರಿಯಾಯಿತಿ ಸಿಕ್ಕಿದೆ. ನೊಂದವರಿಗೂ ವ್ಯಾಜ್ಯ ಮುಗಿಯಿತೆಂಬ ನೆಮ್ಮದಿ ಬೇಕು. ಸಹಿಗೆ ಬೆಲೆಯಿಲ್ಲದಿದ್ದರೆ ನಾಳೆ ರಿಯಾಯಿತಿ ಕೊಡುವವರಾರು?

ಆದರೆ ಈ ಚೌಕಾಸಿ ಸಮಬಲರ ನಡುವಿನದಲ್ಲ. ಕೆಂಟಕಿಯಲ್ಲಿ ಹೇಯ್ಸ್ ಎಂಬಾತನ ಮೇಲೆ 88 ಡಾಲರಿನ ಖೋಟಾ ಚೆಕ್ಕಿನ ಆರೋಪವಿತ್ತು. ಒಪ್ಪಿಕೊಂಡರೆ 5 ವರ್ಷ. ಇಲ್ಲವಾದರೆ ಹಳೆಯ ಅಪರಾಧಗಳನ್ನೂ ಸೇರಿಸಿ ಜೀವಾವಧಿ ಎಂದರು. ಆತ ಒಪ್ಪಲಿಲ್ಲ, ಜೀವಾವಧಿಯೇ ಆಯಿತು. 1978ರಲ್ಲಿ ಸುಪ್ರೀಂ ಕೋರ್ಟ್ ಇದರಲ್ಲಿ ದೋಷವಿಲ್ಲವೆಂದಿತು. ಇಂಥ ಭಯದ ನೆರಳಿನಲ್ಲಿ ಹಾಕಿದ ಸಹಿ ಪೂರ್ತಿ ಸ್ವಂತದ್ದೆ?

ನನಗೆ ಇನ್ನೂ ದೊಡ್ಡದಾಗಿ ಕಾಣುವ ತೊಡಕು ಬೇರೆಯದು. ತಪ್ಪೊಪ್ಪಿಗೆ ನಾನು ಮಾಡಿದ್ದರ ಬಗ್ಗೆ. ಅದು ನನಗೆ ಗೊತ್ತಿರುವ ಸಂಗತಿ. ಮೇಲ್ಮನವಿ ಬಿಡುವುದು ನ್ಯಾಯಾಧೀಶರು ಮುಂದೆ ಮಾಡಬಹುದಾದ ತಪ್ಪಿನ ಬಗ್ಗೆ. ಅದು ಇನ್ನೂ ಹುಟ್ಟಿಯೇ ಇಲ್ಲ. ಪುಣ್ಯಕೋಟಿ ಮಾತು ಕೊಟ್ಟಾಗ ಹುಲಿಯ ಬಾಯಿ ಅದಕ್ಕೆ ಕಾಣುತ್ತಿತ್ತು. ಕಂಡದ್ದಕ್ಕೆ ಮಾತು ಕೊಡಬಹುದು. ಕಾಣದ ಅನ್ಯಾಯಕ್ಕೆ ಮುಂಗಡವಾಗಿ ಕ್ಷಮೆ ಕೊಡಿಸಿಕೊಳ್ಳುವುದು ನ್ಯಾಯಪೀಠಕ್ಕೆ ಒಪ್ಪುವ ಮಾತಲ್ಲ.

2019ರಲ್ಲಿ ಅದೇ ಸುಪ್ರೀಂ ಕೋರ್ಟ್ ಗಾರ್ಜಾ ಪ್ರಕರಣದಲ್ಲಿ, ಇಂಥ ಯಾವ ಷರತ್ತೂ ಎಲ್ಲ ಮೇಲ್ಮನವಿಗಳನ್ನೂ ತಡೆಯಲಾರದು ಎಂದಿತು. ಸಹಿ ಹಾಕಿದ ಕಕ್ಷಿದಾರ ಕೇಳಿಕೊಂಡರೂ ಅರ್ಜಿ ಸಲ್ಲಿಸದ ವಕೀಲ ಕರ್ತವ್ಯಲೋಪ ಮಾಡಿದಂತೆ ಎಂದೂ ಹೇಳಿತು. ನಮ್ಮಲ್ಲಿ 2006ರಲ್ಲಿ ಜಾರಿಗೆ ಬಂದ ತಪ್ಪೊಪ್ಪಿಗೆ ಚೌಕಾಸಿಯಲ್ಲಿ ಸಹಿಯ ಪ್ರಶ್ನೆಯೇ ಇಲ್ಲ. ಕಾನೂನೇ ಮೇಲ್ಮನವಿಯನ್ನು ತೆಗೆದುಹಾಕಿದೆ. ಆದರೂ ಹೈಕೋರ್ಟಿನ ರಿಟ್, ಸುಪ್ರೀಂ ಕೋರ್ಟಿನ ವಿಶೇಷ ಅನುಮತಿ ಎಂಬ ಎರಡು ಕಿಂಡಿಗಳನ್ನು ಉಳಿಸಿದೆ.

ಶಿಕ್ಷೆ ತುಸು ಹೆಚ್ಚಾಯಿತೆಂಬ ಗೊಣಗಾಟಕ್ಕೆ ಸಹಿ ಅಡ್ಡ ಬರಲಿ. ಕಾನೂನು ಮೀರಿದ ಶಿಕ್ಷೆಗೆ ಬರಕೂಡದು. ಅಲ್ಲಿ ಮಾತು ತಪ್ಪಿದವನು ಆರೋಪಿಯಲ್ಲ, ನ್ಯಾಯಾಲಯ.