ಸೇತುವೆಯ ಮೇಲೆ ಯಾರೂ ಇಲ್ಲ

ಮುಂಬಯಿಯ ಕುರ್ಲಾದಲ್ಲಿರುವ ನನ್ನ ಅಕ್ಕನ ಮಗನಿಗೆ ಫೋಟೋ ತೆಗೆಯುವ ಹುಚ್ಚು. ಕಳೆದ ಮಳೆಗಾಲದಲ್ಲಿ ತೆಗೆದ ಒಂದು ಚಿತ್ರವನ್ನು ನನಗೆ ಕಳಿಸಿದ್ದ. ರೈಲು ಹಳಿಗಳ ಮೇಲೆ ಹಾದುಹೋಗುವ ಪಾದಚಾರಿ ಸೇತುವೆ, ಅದರ ಹಿಂದೆ ಇಡೀ ಆಕಾಶವನ್ನು ಆಕ್ರಮಿಸಿಕೊಂಡ ಮೋಡಗಳು. ಯಾರೋ ಕಡಲಿನಿಂದ ಹಿಡಿದೆಳೆದು ತಂದಂತೆ ಅವು ಉದ್ದುದ್ದ ಎಳೆಗಳಾಗಿ, ನಡುನಡುವೆ ಬೆಳ್ಳಿಯ ಸೀಳುಗಳೊಂದಿಗೆ ಸೇತುವೆಯ ನೆತ್ತಿಯ ಮೇಲೆ ಬಾಗಿದ್ದವು. ಮಾಡಿಲ್ಲದ ಆ ಹಳೆಯ ಸೇತುವೆಯ ಕಂಬಿಗಳು ಶಾಯಿಯಲ್ಲಿ ಬರೆದ ಅಕ್ಷರಗಳ ಹಾಗೆ ಕಾಣುತ್ತಿದ್ದವು. ಬಹಳ ಹೊತ್ತು ನೋಡಿದೆ. ಆಮೇಲೆ ಏನೋ ಕಾಡತೊಡಗಿತು. ಅದು ಕಚೇರಿ ಬಿಡುವ ಹೊತ್ತು. ಆ ಹೊತ್ತಿನಲ್ಲಿ ಮುಂಬಯಿಯ ರೈಲು ಸೇತುವೆಯ ಮೇಲೆ ಕಾಲಿಡಲು ಜಾಗ ಸಿಕ್ಕರೆ ಅದೇ ಪುಣ್ಯ. ಚಿತ್ರದ ಸೇತುವೆಯ ಮೇಲೋ, ಒಬ್ಬ ನರಪಿಳ್ಳೆಯೂ ಇರಲಿಲ್ಲ.

ಫೋನ್ ಮಾಡಿ ಕೇಳಿದೆ. "ಜನರನ್ನೆಲ್ಲ ಕಂಪ್ಯೂಟರಿನಲ್ಲಿ ಒರೆಸಿಬಿಟ್ಟೆಯೇನೋ?"

ಅವನಿಗೆ ಸಿಟ್ಟು ಬಂತು. "ಮಾಮೂ, ನಾನು ಒಂದು ಚುಕ್ಕೆಯನ್ನೂ ಅಳಿಸಿಲ್ಲ" ಎಂದ. ಆಮೇಲೆ ವಿವರಿಸಿದ. ಕ್ಯಾಮೆರಾವನ್ನು ರಸ್ತೆಯಂಚಿನಲ್ಲಿ ಮುಕ್ಕಾಲಿಯ ಮೇಲೆ ನಿಲ್ಲಿಸಿ, ಲೆನ್ಸಿನ ಮುಂದೆ ದಟ್ಟ ಕಪ್ಪು ಗಾಜು ಹಾಕಿ, ಎರಡು ನಿಮಿಷ ಕಣ್ಣು ತೆರೆದಿಟ್ಟಿದ್ದಾನೆ. ಆ ಎರಡು ನಿಮಿಷದಲ್ಲಿ ಮೋಡಗಳು ಗಾಳಿಗೆ ಚಲಿಸಿವೆ. ಅವು ಚಲಿಸಿದ ದಾರಿಯೇ ಚಿತ್ರದಲ್ಲಿ ಎಳೆಗಳಾಗಿ ಮೂಡಿದೆ. ಸೇತುವೆಯ ಮೇಲಿನ ಜನರೂ ಚಲಿಸಿದ್ದಾರೆ. ಆದರೆ ಯಾರೊಬ್ಬರೂ ಒಂದೇ ಜಾಗದಲ್ಲಿ ಗುರುತು ಉಳಿಯುವಷ್ಟು ಹೊತ್ತು ನಿಲ್ಲದ ಕಾರಣ ಕ್ಯಾಮೆರಾ ಅವರನ್ನು ದಾಖಲಿಸಿಲ್ಲ. ಕಂಬಿಗಳ ನಡುವೆ ಹೊಗೆಯಂಥ ತೆಳು ಮಬ್ಬೊಂದಿದೆ, ಅಷ್ಟೆ. ಮೆಟ್ಟಿಲ ಬುಡದಲ್ಲಿ ತೂಕದ ಯಂತ್ರ ಮುಂದಿಟ್ಟುಕೊಂಡು ಕುಳಿತ ಒಬ್ಬ ಮುದುಕ ಮಾತ್ರ ಉಳಿದಿದ್ದಾನೆ. ಗಿರಾಕಿ ಇಲ್ಲದೆ ಅವನು ಅಲ್ಲಾಡದೆ ಕುಳಿತಿದ್ದನಂತೆ.

ಇದು ಹೊಸ ಸಂಗತಿಯೇನೂ ಅಲ್ಲ. 1838ರಲ್ಲಿ ದಾಗೇರ್ ಎಂಬಾತ ಪ್ಯಾರಿಸ್ಸಿನ ಒಂದು ಬೀದಿಯ ಚಿತ್ರವನ್ನು ಮೇಲಿನ ಕಿಟಕಿಯಿಂದ ತೆಗೆದ. ಹಗಲು ಹೊತ್ತಿನ ಜನನಿಬಿಡ ಬೀದಿ. ಆದರೆ ಚಿತ್ರ ಮೂಡಲು ಹಲವು ನಿಮಿಷ ಬೇಕಾಗುತ್ತಿದ್ದ ಕಾಲ ಅದು. ಗಾಡಿ, ಕುದುರೆ, ಜನ ಎಲ್ಲ ಮಾಯವಾಗಿ ಬೀದಿ ಬಣಗುಟ್ಟುತ್ತಿದೆ. ಒಂದು ಮೂಲೆಯಲ್ಲಿ ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತವನೊಬ್ಬ, ಪಾಲಿಶ್ ಮಾಡುತ್ತಿರುವವನೊಬ್ಬ ಉಳಿದುಕೊಂಡಿದ್ದಾರೆ. ಮನುಷ್ಯರು ಕಾಣಿಸಿಕೊಂಡ ಮೊದಲ ಫೋಟೋ ಇದೇ ಎನ್ನುತ್ತಾರೆ. ಮೋಡಗಳ ಕಥೆಯೂ ಹಳೆಯದೇ. 1850ರ ದಶಕದಲ್ಲಿ ಫ್ರಾನ್ಸಿನ ಲ ಗ್ರೇ ಕಡಲಿಗೊಂದು, ಆಕಾಶಕ್ಕೊಂದು ಬೇರೆ ಬೇರೆ ನೆಗೆಟಿವ್ ತೆಗೆದು, ಎರಡನ್ನೂ ಕೂಡಿಸಿ ಅಚ್ಚುಹಾಕುತ್ತಿದ್ದ. ಈಗಂತೂ ಬೇಕಾದ ಆಕಾಶವನ್ನು ಯಂತ್ರವೇ ತಂದು ಅಂಟಿಸುತ್ತದೆ. ಅದಕ್ಕೆ ಹೋಲಿಸಿದರೆ ನಮ್ಮ ಹುಡುಗ ಪ್ರಾಮಾಣಿಕ. ಅವನ ಮೋಡ ಆ ಸಂಜೆಯದೇ, ಆ ಸೇತುವೆಯ ಮೇಲಿನದೇ.

ಆದರೂ ನನಗೆ ಸಮಾಧಾನವಾಗಲಿಲ್ಲ. ಮೋಡಕ್ಕೆ ಚೆಲುವು ತಂದ ಅದೇ ಎರಡು ನಿಮಿಷ ಮನುಷ್ಯರನ್ನು ಇಲ್ಲವಾಗಿಸಿತ್ತು. ಸುಳ್ಳು ಹೇಳದೆಯೇ ಒಬ್ಬರನ್ನು ಹೀಗೆ ಇಲ್ಲವಾಗಿಸಬಹುದೆ? ಹಾಗೆ ಮಾಡಿದವನ ಮೇಲೆ ಯಾವ ಹೊಣೆಯೂ ಇಲ್ಲವೆ?

ಆಗ ನೆನಪಾದದ್ದು 2017ರ ಸೆಪ್ಟೆಂಬರ್ 29. ನನ್ನ ಭಾವನ ಕಚೇರಿ ಆಗ ಎಲ್ಫಿನ್‌ಸ್ಟನ್ ರೋಡ್ ಕಡೆ ಇತ್ತು. ಕುರ್ಲಾದಿಂದ ಪರೇಲ್‌ಗೆ ಲೋಕಲ್ ಹಿಡಿದು, ಅಲ್ಲಿ ಇಳಿದು, ಎರಡೂ ನಿಲ್ದಾಣಗಳನ್ನು ಜೋಡಿಸುವ ಪಾದಚಾರಿ ಸೇತುವೆ ದಾಟುವುದು ಅವರ ದಿನಚರಿ. ಒಂದು ಕಾಲಕ್ಕೆ ಬಟ್ಟೆ ಗಿರಣಿಗಳಿದ್ದ ಆ ಪ್ರದೇಶ ಗಾಜಿನ ಕಚೇರಿಗಳ ಊರಾಗಿತ್ತು. ಜನ ಹೆಚ್ಚಿದರು, ಮೆಟ್ಟಿಲು ಅಗಲವಾಗಲಿಲ್ಲ. ಆ ಶುಕ್ರವಾರ ಬೆಳಗ್ಗೆ ಹಠಾತ್ತನೆ ಮಳೆ ಸುರಿಯಿತು. ನೆನೆಯಬಾರದೆಂದು ಜನ ಸೇತುವೆಯ ಮೇಲೆಯೇ ನಿಂತರು. ಕೆಳಗೆ ಒಂದರ ಹಿಂದೊಂದು ರೈಲು ಬಂದು ಇನ್ನಷ್ಟು ಜನರನ್ನು ಮೇಲಕ್ಕೆ ಕಳಿಸುತ್ತಲೇ ಇತ್ತು. ನೂಕುನುಗ್ಗಲಿನಲ್ಲಿ 23 ಮಂದಿ ಸತ್ತರು. ಯಾರೋ "ಫೂಲ್ ಗಿರ್ ಗಯಾ" ಎಂದದ್ದು "ಪುಲ್ ಗಿರ್ ಗಯಾ" ಎಂದು ಕೇಳಿಸಿ ಗಾಬರಿ ಹುಟ್ಟಿತೆಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಹೂವು ಬಿತ್ತು, ಸೇತುವೆ ಬಿತ್ತು. ಉರ್ದು ಶಾಲೆಯಲ್ಲಿ ಇವೆರಡು ಪದಗಳ ಉಚ್ಚಾರ ತಪ್ಪಿದ್ದಕ್ಕೆ ಉಸ್ತಾದರಿಂದ ನಾನೂ ಪೆಟ್ಟು ತಿಂದಿದ್ದೇನೆ. ಅಷ್ಟೇ ಅಂತರ.

ಭಾವ ಅಂದು ತಡವಾಗಿ ಹೊರಟಿದ್ದರು, ಬದುಕಿದರು. ಆದರೆ ಫೋನ್ ಸಿಗದೆ ಅಕ್ಕ ಮಧ್ಯಾಹ್ನದವರೆಗೆ ಪಟ್ಟ ಪಾಡನ್ನು ನಾನು ಇಲ್ಲಿ ಬರೆಯಲಾರೆ. ನಮ್ಮ ಫೋಟೋಗಾರ ಆಗ ಆರನೇ ತರಗತಿಯ ಹುಡುಗ, ಅವಳ ಸೆರಗು ಹಿಡಿದು ಪಕ್ಕದಲ್ಲೇ ಕುಳಿತಿದ್ದ.

ಮರುದಿನ ಬಂದ ಚಿತ್ರಗಳಲ್ಲಿ ಮೆಟ್ಟಿಲ ಮೇಲೆ ಬಿದ್ದ ಚಪ್ಪಲಿಗಳಿದ್ದವು. ಅಲ್ಲಿಯೂ ಮನುಷ್ಯರಿರಲಿಲ್ಲ. ಆದರೆ ಆ ಚಿತ್ರ ನೋಡಿದ ಯಾರೂ "ಆಹಾ, ಎಂಥ ಖಾಲಿ ಮೆಟ್ಟಿಲು" ಎನ್ನಲಾರರು. ಪ್ರತಿ ಚಪ್ಪಲಿಯೂ ತನ್ನ ಕಾಲು ಎಲ್ಲಿ ಎಂದು ಕೇಳುತ್ತಿತ್ತು. ನನ್ನ ಸೋದರಳಿಯನ ಚಿತ್ರದಲ್ಲಿ ಹಾಗೆ ಕೇಳುವವರು ಯಾರೂ ಇಲ್ಲ. ಅಲ್ಲಿ ಜನರಿಲ್ಲದಿರುವುದೇ ಸೊಗಸಾಗಿಬಿಟ್ಟಿದೆ.

ಹಾಗೆಂದು ಜನಜಂಗುಳಿಯ ಫೋಟೋ ತೆಗೆದರೆ ನ್ಯಾಯ ಸಿಕ್ಕಿತು ಎಂದೂ ಅಲ್ಲ. ಇರುವೆ ಸಾಲಿನಂತೆ ತಲೆಗಳನ್ನು ತೋರಿಸುವ ಚಿತ್ರಗಳನ್ನು ನಾವು ಎಷ್ಟು ನೋಡಿಲ್ಲ! ಅವುಗಳಲ್ಲಿ ಒಂದೂ ಮುಖವಿರುವುದಿಲ್ಲ. ಮೋಡವನ್ನು ಮೆಚ್ಚುವುದು ತಪ್ಪೆಂದು ಹೇಳುವಷ್ಟು ಒಣ ಮನುಷ್ಯನೂ ನಾನಲ್ಲ. ಬೆವರಿನಲ್ಲಿ ತೊಯ್ದು ಸೇತುವೆ ದಾಟುವವನೂ ಒಮ್ಮೆ ತಲೆಯೆತ್ತಿ ಮೋಡ ನೋಡಿರುತ್ತಾನೆ. ನನ್ನ ತಕರಾರು ಸಣ್ಣದು. ಸೇತುವೆಯನ್ನು ಕಟ್ಟಿದ್ದು ನಡೆಯುವವರಿಗಾಗಿ. ಅವರನ್ನು ಬಿಟ್ಟು ಅದನ್ನು ನೋಡುವ ಅಭ್ಯಾಸ ಬೆಳೆದರೆ, ಕಣ್ಣು ಅದರ ಆಕಾರವನ್ನಷ್ಟೇ ಕಾಣುತ್ತದೆ. 2019ರ ಮಾರ್ಚ್ 14ರ ಸಂಜೆ ಮುಂಬಯಿಯ ದೊಡ್ಡ ನಿಲ್ದಾಣದ ಹೊರಗಿನ ಪಾದಚಾರಿ ಸೇತುವೆ ಕುಸಿದಾಗ ನಡೆಯುವ ಹಾಸು ಜನರ ಸಮೇತ ರಸ್ತೆಗೆ ಬಿತ್ತು. ಉಕ್ಕಿನ ಚೌಕಟ್ಟು ಹಾಗೆಯೇ ನಿಂತಿತ್ತು. ದೂರದಿಂದ ಮೋಡದ ಎದುರಿಗಿಟ್ಟು ನೋಡಿದ್ದರೆ ಅದಕ್ಕೇನೂ ಆಗಿಲ್ಲವೆಂದೇ ಕಾಣುತ್ತಿತ್ತು. ಸಣ್ಣಪುಟ್ಟ ದುರಸ್ತಿ ಸಾಕು ಎಂದು ಬರೆದುಕೊಟ್ಟಿದ್ದವರೂ ಬಹುಶಃ ಹಾಗೆಯೇ ನೋಡಿದ್ದರೇನೋ.

ಇಷ್ಟೆಲ್ಲ ಹೇಳಲು ನನಗೇನು ಹಕ್ಕು ಎಂದೂ ಅನಿಸುತ್ತದೆ. ಹಿಂದೊಮ್ಮೆ ಮಳೆಯ ಸಂಜೆಯ ಕಥೆಯೊಂದನ್ನು ಬರೆದಿದ್ದೆ. ಕಪ್ಪು ಆಕಾಶಕ್ಕೆ ಒಂದೂವರೆ ಪುಟ ಕೊಟ್ಟೆ. ಕೊಡೆಯಿಲ್ಲದೆ ಸೊಪ್ಪು ಮಾರುತ್ತಿದ್ದ ಹೆಂಗಸಿಗೆ ಎರಡು ಸಾಲು. ಓದುಗರು ಆಕಾಶವನ್ನೇ ಹೊಗಳಿ ಪತ್ರ ಬರೆದರು. ನನಗೆ ಖುಷಿಯೇ ಆಗಿತ್ತು.

ಈಚೆಗೆ ಕುರ್ಲಾಕ್ಕೆ ಹೋದಾಗ ಆ ಚಿತ್ರಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದರು. ಊಟವಾದ ಮೇಲೆ ಭಾವ ಅದರ ಮುಂದೆ ನಿಂತು ಮಗನನ್ನು ಕೇಳಿದರು. "ಯಾವತ್ತು ತೆಗೆದದ್ದು ಇದು?" ಅವನು ಫೋನು ನೋಡಿ ತಾರೀಖು ಹೇಳಿದ, ಸಮಯವನ್ನೂ ಹೇಳಿದ. ಆರು ಗಂಟೆ ಹನ್ನೆರಡು ನಿಮಿಷ.

"ಬುಧವಾರ" ಎಂದರು ಭಾವ. "ಅವತ್ತು ನಾನು ಬೇಗ ಬಂದಿದ್ದೆ. ಆ ಹೊತ್ತಿಗೆ ಸೇತುವೆಯ ಮೇಲೇ ಇದ್ದೆ. ಕೈಯಲ್ಲಿ ನಿನ್ನ ಅಮ್ಮ ಹೇಳಿದ್ದ ಗೋಧಿ ಹಿಟ್ಟಿನ ಚೀಲ."

ಹುಡುಗ ಏನೂ ಹೇಳಲಿಲ್ಲ. ಅಕ್ಕ ತಟ್ಟೆ ಎತ್ತುತ್ತಿದ್ದವಳು ಹಾಗೇ ನಿಂತಳು. ಭಾವ ಕನ್ನಡಕ ಸರಿಮಾಡಿಕೊಂಡು ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋದರು. ಎಡಗಡೆಯಿಂದ ಕಂಬಗಳನ್ನು ಒಂದೊಂದಾಗಿ ಎಣಿಸುತ್ತ ಬಂದು, ನಾಲ್ಕನೆಯ ಕಂಬದ ಪಕ್ಕದ ಮಬ್ಬಿನ ಮೇಲೆ ಬೆರಳಿಟ್ಟರು.

"ಇಲ್ಲಿ ಇದ್ದಿರಬೇಕು" ಎಂದರು.