ಹಿಟ್ಟಿನ ಕೋಳಿಯೂ ರಟ್ಟಿನ ಸೈನಿಕನೂ

ಹಿಂಸೆಯ ವಿಚಾರ ಬಂದಾಗಲೆಲ್ಲ ಪೂರ್ವಾಚಾರ್ಯರು ಕ್ರಿಯೆಯೊಡನೆ ಭಾವವನ್ನೂ ಪರೀಕ್ಷಿಸಿದ್ದಾರೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಘಾತದ ಹಿಂದಿರುವ ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ಈ ಮಾನದಂಡವು ವಧಾಸ್ಥಾನಕ್ಕೂ ರಣರಂಗಕ್ಕೂ ಅನ್ವಯಿಸುವುದು ಸ್ಪಷ್ಟವಾಗಿದೆ. ಆದರೆ ಬೇಸಿಗೆಯ ರಜೆಯಲ್ಲಿ ಮಕ್ಕಳು ಮನೆಯ ಪಡಸಾಲೆಯಲ್ಲಿ ಕುಳಿತು, ರಟ್ಟಿನ ಮೇಲೆ ಎರಡು ರಾಜ್ಯಗಳ ನಕ್ಷೆ ಬರೆದು, ಕಾಯಿಗಳಿಗೆ ಕಾಲಾಳು, ಕುದುರೆ, ಫಿರಂಗಿ ಎಂದು ಹೆಸರಿಟ್ಟು, ದಾಳ ಉರುಳಿಸಿ "ನಿನ್ನ ಪಡೆ ಸತ್ತಿತು" ಎಂದು ಕೂಗಿದಾಗ ಏನೆಂದು ತೀರ್ಮಾನಿಸಬೇಕು? ಅಲ್ಲಿ ಒಂದು ಇರುವೆಯೂ ಸತ್ತಿಲ್ಲ. ಆದರೂ ಮನೆಯ ಹಿರಿಯರ ಮನಸ್ಸು ಅಳುಕುತ್ತದೆ. ಆ ಅಳುಕು ನಿರಾಧಾರವೇ, ಅಥವಾ ಅದರಲ್ಲಿ ಶಾಸ್ತ್ರದ ತಿರುಳಿದೆಯೇ ಎಂಬುದು ವಿಚಾರಣೀಯ.

ಅಳುಕಿಗೆ ಆಧಾರವಿದೆ. ಜನ್ನ ಕವಿಯು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆಯನ್ನು ಅರಿಯದ ಜೈನ ಮನೆತನ ಕರ್ನಾಟಕದಲ್ಲಿ ವಿರಳ. ದುಃಸ್ವಪ್ನದ ಶಾಂತಿಗಾಗಿ ಪ್ರಾಣಿಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಹಟ ಹಿಡಿದಾಗ, ಜೀವಹತ್ಯೆಗೆ ಒಪ್ಪದ ಯಶೋಧರನು ಹಿಟ್ಟಿನ ಕೋಳಿಯನ್ನು ಬಲಿಗೊಡಲು ಸಮ್ಮತಿಸಿದನು. ಕತ್ತಿ ತಗುಲಿದಾಗ ಆ ಕೋಳಿ ಕೂಗಿತು. ಆ ಒಂದು ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಕ್ಕಳಿಬ್ಬರೂ ನವಿಲು ನಾಯಿಗಳಿಂದ ಮೊದಲ್ಗೊಂಡು ಕೋಳಿಗಳವರೆಗೆ ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲಿದರು. ಹಿಟ್ಟಿನ ಕೋಳಿಗೆ ಇಷ್ಟು ಫಲವಾದರೆ ರಟ್ಟಿನ ಸೈನಿಕನಿಗೆ ಎಷ್ಟು ಎಂದು ಕೇಳುವವರನ್ನು ಹಗುರವಾಗಿ ಕಾಣಲಾಗದು.

ಆದರೂ ಎರಡರ ನಡುವೆ ಒಂದು ಅಂತರವಿದೆ. ಯಶೋಧರನ ಕೈಯಲ್ಲಿದ್ದದ್ದು ಹಿಟ್ಟೇ ಆದರೂ ಅದು ಜೀವದ ಸ್ಥಾನದಲ್ಲಿ ನಿಂತಿತ್ತು. ದೇವತೆಯು ಅದನ್ನು ಜೀವವೆಂದೇ ಸ್ವೀಕರಿಸಲಿ ಎಂಬುದು ಅಲ್ಲಿನ ಸಂಕಲ್ಪ. ಚದುರಂಗದಲ್ಲಿ ಆನೆಯನ್ನು ಹೊಡೆಯುವವನಿಗೆ ಅಂತಹ ಸಂಕಲ್ಪವಿಲ್ಲ. ಅವನು ಒಂದು ಲೆಕ್ಕವನ್ನು ಬಿಡಿಸುತ್ತಿದ್ದಾನೆ. ಅದೇ ಆಟಗಾರನು ಎದುರಿನ ಕಾಯಿಗಳಿಗೆ ತಾನು ದ್ವೇಷಿಸುವ ಒಂದು ಜನಾಂಗದ ಹೆಸರಿಟ್ಟು, ಅವು ಉರುಳಿದಾಗ ಹಿಗ್ಗಿದರೆ, ರಟ್ಟು ಆ ಕ್ಷಣವೇ ಹಿಟ್ಟಿನ ಕೋಳಿಯಾಗುತ್ತದೆ. ರೌದ್ರಧ್ಯಾನದ ನಾಲ್ಕು ಭೇದಗಳಲ್ಲಿ ಹಿಂಸಾನಂದವೆಂಬುದು ಇದೇ.

ಪುರಾಣದಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. ಭರತ ಬಾಹುಬಲಿಗಳ ಸೇನೆಗಳು ಎದುರಾದಾಗ ಮಂತ್ರಿಗಳು ಒಂದು ಲೆಕ್ಕ ಹಾಕಿದರು: ಇವರಿಬ್ಬರೂ ಚರಮಶರೀರಿಗಳು, ಇವರಿಗೆ ಯುದ್ಧದಲ್ಲಿ ಸಾವಿಲ್ಲ, ಸಾಯುವವರು ಇತ್ತಂಡದ ಯೋಧರು ಮಾತ್ರ. ಆದ್ದರಿಂದಲೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರು ನಿಯಮಬದ್ಧ ಸ್ಪರ್ಧೆಗಳು ಏರ್ಪಟ್ಟವು. ಯುದ್ಧವನ್ನು ನಿಯಮದೊಳಗೆ ಕಟ್ಟಿಹಾಕಿದಾಗ ಎರಡು ಸೇನೆಗಳ ಪ್ರಾಣ ಉಳಿಯಿತು. ಮೂರರಲ್ಲಿಯೂ ಸೋತ ಭರತನು ನಿಯಮ ಮೀರಿ ಚಕ್ರರತ್ನವನ್ನು ಪ್ರಯೋಗಿಸಿದನು. ಗೆದ್ದ ಬಾಹುಬಲಿಯು ಗೆಲುವನ್ನೇ ಬಿಟ್ಟು ನಡೆದನು. ಸ್ಪರ್ಧೆಯ ಗುಣದೋಷಗಳೆರಡೂ ಈ ಒಂದೇ ಪ್ರಸಂಗದಲ್ಲಿವೆ.

ಜೈನ ಸಮಾಜವು ಆಟದ ಪಟವನ್ನು ದೂರವಿಟ್ಟ ಸಮಾಜವೂ ಅಲ್ಲ. ಗುಜರಾತ್, ರಾಜಸ್ಥಾನಗಳ ಜೈನರಲ್ಲಿ ಪ್ರಚಲಿತವಿದ್ದ ಜ್ಞಾನಚೌಪಡದ ಪಟಗಳು ಸಾಮಾನ್ಯವಾಗಿ 84 ಮನೆಗಳವು. ಇಂದಿನ ಹಾವು ಏಣಿ ಆಟದ ಮೂಲ ಆ ಪರಂಪರೆಯಲ್ಲಿದೆ. ಯಾವ ಮನೆಯಲ್ಲಿ ಏಣಿ, ಯಾವ ಮನೆಯಲ್ಲಿ ಹಾವು ಎಂಬುದನ್ನು ಅಲ್ಲಿ ಪುಣ್ಯಪಾಪಗಳ ವಿವೇಚನೆಯೇ ನಿರ್ಧರಿಸುತ್ತಿತ್ತು. ಆ ಪಟವನ್ನು ಬರೆದವನು ಆಟದ ಮೂಲಕ ಒಂದು ಧರ್ಮವಿಚಾರವನ್ನು ಹೇಳುತ್ತಿದ್ದನು. ನಿಯಮ ಮಾಡುವವನೇ ಮೌಲ್ಯವನ್ನೂ ನಿಶ್ಚಯಿಸುತ್ತಾನೆ. ಆಡುವವನು ತಿಳಿಯದೆಯೇ ಅದನ್ನು ಅಂಗೀಕರಿಸುತ್ತಾನೆ.

ಯುದ್ಧದ ಆಟಗಳ ಚರಿತ್ರೆಯೂ ಇದನ್ನೇ ತೋರಿಸುತ್ತದೆ. 1812ರಲ್ಲಿ ಪ್ರಷ್ಯದ ರೈಸ್‌ವಿಟ್ಸ್ ಎಂಬುವರು ಬೆಟ್ಟ, ನದಿ, ರಸ್ತೆಗಳ ಬಿಲ್ಲೆಗಳನ್ನು ಜೋಡಿಸಿ ಆಡುವ ಒಂದು ಮೇಜನ್ನು ತಮ್ಮ ದೊರೆಗೆ ಒಪ್ಪಿಸಿದರು. 1824ರಲ್ಲಿ ಅವರ ಮಗ ಅದನ್ನು ಪರಿಷ್ಕರಿಸಿ ನಿಯಮಗಳನ್ನು ಪ್ರಕಟಿಸಿದರು. ನಕ್ಷೆಯ ಪ್ರಮಾಣ 1:8000, ಒಂದೊಂದು ನಡೆಗೆ ಎರಡು ನಿಮಿಷದ ಕಾಲಮಾನ, ದಾಳದಿಂದ ನಿರ್ಧಾರವಾಗುವ ಸಾವುನೋವು, ಲೆಕ್ಕವಿಡಲು ಒಬ್ಬ ಮಧ್ಯಸ್ಥ, ಇವು ಅದರ ಅಂಗಗಳು. ಅತ್ಯಂತ ಪ್ರಾಮಾಣಿಕವಾದ ಈ ಲೆಕ್ಕವನ್ನು ಪ್ರಷ್ಯದ ಸೇನೆಯು ಅಧಿಕಾರಿಗಳ ತರಬೇತಿಗೆ ಬಳಸಿಕೊಂಡಿತು. ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ ಅವರು 1954ರಲ್ಲಿ ಎರಡು ಕಾಲ್ಪನಿಕ ದೇಶಗಳ ಯುದ್ಧವನ್ನು 'ಟ್ಯಾಕ್ಟಿಕ್ಸ್' ಎಂಬ ಆಟವಾಗಿಸಿ ಅಂಚೆಯ ಮೂಲಕ ಮಾರಿದರು. ಒಂದು ಪಡೆಗೆ ಇನ್ನೊಂದು ಎಷ್ಟು ಪಟ್ಟು ಬಲವುಳ್ಳದ್ದು ಎಂದು ನೋಡಿ, ದಾಳ ಹಾಕಿ, ಕೋಷ್ಟಕದಲ್ಲಿ ಫಲಿತಾಂಶವನ್ನು ಓದುವ ಪದ್ಧತಿ ಅದರಲ್ಲಿತ್ತು. 1961ರಲ್ಲಿ ಅವರ ಸಂಸ್ಥೆಯ ಆಟಗಳಲ್ಲಿ ಷಟ್ಕೋನದ ಮನೆಗಳು ಬಂದವು. ಚೌಕದ ಮನೆಗಳಲ್ಲಿ ಮೂಲೆಯಿಂದ ಮೂಲೆಗೆ ನಡೆದ ಕಾಯಿಯು ನೇರ ನಡೆದ ಕಾಯಿಗಿಂತ ಸುಮಾರು 1.4 ಪಟ್ಟು ದೂರ ಸಾಗುತ್ತದೆ. ಷಟ್ಕೋನದಲ್ಲಿ ಆರು ನೆರೆಮನೆಗಳೂ ಸಮಾನ ದೂರದಲ್ಲಿರುತ್ತವೆ. ಮನೆಯಲ್ಲಿ ಆಟ ಕಟ್ಟುವ ಹುಡುಗನು ಅಳತೆಪಟ್ಟಿ ಹಿಡಿದು ಕುಳಿತಾಗ ಇಂತಹ ಸೂಕ್ಷ್ಮಗಳನ್ನೇ ಕಲಿಯುತ್ತಾನೆ. ಇದು ಬುದ್ಧಿಗೆ ಒಳ್ಳೆಯ ವ್ಯಾಯಾಮವೆಂಬುದರಲ್ಲಿ ಸಂದೇಹವಿಲ್ಲ.

ಬುದ್ಧಿಯ ವ್ಯಾಯಾಮದಿಂದ ಭಾವವು ಶುದ್ಧವಾಗುವುದೇ ಎಂಬುದು ಬೇರೆಯ ಪ್ರಶ್ನೆ. ಆಂಗ್ಲ ಲೇಖಕ ಎಚ್. ಜಿ. ವೆಲ್ಸ್ ಅವರು ತಮ್ಮ ಮನೆಯಲ್ಲಿ ಆಟಿಕೆಯ ಸೈನಿಕರು, ಮರದ ಗುಂಡು ಹಾರಿಸುವ ಪುಟ್ಟ ಫಿರಂಗಿಗಳು, ಮಕ್ಕಳ ಕಟ್ಟಿಗೆಯ ತುಂಡುಗಳು ಇವುಗಳಿಂದ ನೆಲದ ಮೇಲೆ ಆಡುವ ಯುದ್ಧದ ಆಟವೊಂದನ್ನು ರೂಪಿಸಿ, 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕವಾಗಿ ಪ್ರಕಟಿಸಿದರು. ಈ ಆಟವನ್ನು ಮೂರು ನಾಲ್ಕು ಸಲ ಆಡಿದವನಿಗೆ ನಿಜವಾದ ಮಹಾಯುದ್ಧವು ಎಂತಹ ಅವಿವೇಕವೆಂಬುದು ತಿಳಿಯುತ್ತದೆ ಎಂದು ಅದರ ಕೊನೆಯಲ್ಲಿ ಅವರು ಪ್ರತಿಪಾದಿಸಿದರು. ಮರುವರ್ಷ, 1914ರಲ್ಲಿ, ಮಹಾಯುದ್ಧವೇ ಬಂದಿತು. ಆಗ ಅವರೇ ಅದನ್ನು ಯುದ್ಧವನ್ನು ಕೊನೆಗಾಣಿಸುವ ಯುದ್ಧವೆಂದು ಸಮರ್ಥಿಸಿ ಬರೆದರು. ಆಟವು ಯುದ್ಧದ ಅವಿವೇಕವನ್ನು ಕಾಣಿಸಬಲ್ಲದು. ಕಂಡದ್ದನ್ನು ಕಷಾಯದ ಕಾಲದಲ್ಲಿ ನೆನಪಿಡುವ ಶಕ್ತಿಯನ್ನು ಅದೊಂದೇ ಕೊಡಲಾರದು. ಆದ್ದರಿಂದ ಆಟವನ್ನು ಅಹಿಂಸೆಯ ಸಾಧನವೆಂದು ಹೊಗಳುವುದೂ ಸಲ್ಲದು, ಹಿಂಸೆಯ ಬೀಜವೆಂದು ಸುಡುವುದೂ ಸಲ್ಲದು.

ಹಾಗಾದರೆ ದೋಷ ಎಲ್ಲಿದೆ? ವ್ಯಾಪಾರಸ್ಥ ಸಮಾಜಕ್ಕೆ ಇದನ್ನು ಲೆಕ್ಕದ ಭಾಷೆಯಲ್ಲಿ ಹೇಳುವುದು ಸುಲಭ. ಒಬ್ಬ ವರ್ತಕನು ಜಮೆಯನ್ನು ಮಾತ್ರ ಬರೆದು ಖರ್ಚನ್ನು ಕಿರ್ದಿಗೆ ಹತ್ತಿಸದಿದ್ದರೆ ಅವನ ಅಢಾವೆ ಪತ್ರಿಕೆಯಲ್ಲಿ ಲಾಭವೇ ಕಾಣುತ್ತದೆ. ಅಂಗಡಿ ಮುಳುಗುವ ದಿನದವರೆಗೂ ಅವನು ತನ್ನನ್ನು ಜಾಣನೆಂದೇ ಭಾವಿಸುತ್ತಾನೆ. ಅಂಗಡಿಯಲ್ಲಿ ದೊರೆಯುವ ಎಷ್ಟೋ ಯುದ್ಧದ ಆಟಗಳು ಇಂತಹ ಕಿರ್ದಿಗಳು. ಗೆದ್ದ ಮನೆಗಳ ಎಣಿಕೆ ಅಲ್ಲಿದೆ; ಆ ಮನೆಗಳಲ್ಲಿದ್ದ ಹೊಲ, ಬಾವಿ, ದನಕರು, ಸಂಸಾರ ಯಾವುದೂ ಇಲ್ಲ. ಸತ್ತ ಕಾಯಿ ಡಬ್ಬಿಗೆ ಹೋಗಿ ನಾಳೆ ಮತ್ತೆ ಪಟದ ಮೇಲೆ ನಿಲ್ಲುತ್ತದೆ. ಕಾಯಿ ಸಾಯುವುದಕ್ಕಿಂತ, ಸಾವಿಗೆ ಬೆಲೆಯಿಲ್ಲವೆಂಬ ಲೆಕ್ಕವನ್ನು ಎಳೆಯ ಮನಸ್ಸು ಕಲಿಯುವುದೇ ಹೆಚ್ಚಿನ ದೋಷ.

ಕೊಂಡ ಆಟದ ನಿಯಮವನ್ನು ಪಾಲಿಸುವುದೇ ರೂಢಿ. ಮನೆಯಲ್ಲಿ ಕಟ್ಟಿದ ಆಟದ ಹಿರಿಮೆಯಿರುವುದು ಇಲ್ಲಿಯೇ: ಖರ್ಚಿನ ಖಾತೆಯನ್ನು ತೆರೆಯುವ ಸ್ವಾತಂತ್ರ್ಯ ಅದನ್ನು ಕಟ್ಟುವವನಿಗಿದೆ. ಒಂದು ಉದಾಹರಣೆ: ಪ್ರತಿ ರಾಜ್ಯಕ್ಕೂ ಆರಂಭದಲ್ಲಿ 30 ಕುಟುಂಬಗಳೆಂದು ಹುಣಿಸೆಬೀಜಗಳನ್ನು ಇಡುವುದು. ಒಂದು ಆಕ್ರಮಣ ನಡೆದರೆ ಆಕ್ರಮಿಸಿದವನು 2, ಆಕ್ರಮಣಕ್ಕೊಳಗಾದವನು 3 ಬೀಜಗಳನ್ನು ಕಳೆದುಕೊಳ್ಳಬೇಕು. ಆರು ಆಕ್ರಮಣಗಳ ನಂತರ ಗೆದ್ದವನಲ್ಲಿ 18, ಸೋತವನಲ್ಲಿ 12 ಉಳಿಯುತ್ತವೆ. 60 ಕುಟುಂಬಗಳಿದ್ದ ನಾಡಿನಲ್ಲಿ ಉಳಿದವು 30. ಪಟದ ಮೇಲೆ ನಾಲ್ಕು ಮನೆ ಹೆಚ್ಚು ಗೆದ್ದವನು ಈ ಬೀಜಗಳನ್ನು ಎಣಿಸಿದಾಗ ಗೆಲುವೆಂಬ ಶಬ್ದದ ಅರ್ಥವನ್ನು ಮತ್ತೊಮ್ಮೆ ಯೋಚಿಸಲೇಬೇಕಾಗುತ್ತದೆ. ಯುದ್ಧ ನಡೆದ ಮನೆಯಲ್ಲಿ ಮೂರು ಸುತ್ತು ಬೆಳೆಯಿಲ್ಲ, ಯಾವ ಸುತ್ತಿನಲ್ಲಾದರೂ ಸಂಧಿಗೆ ಅವಕಾಶವಿದೆ, ಕೊನೆಯಲ್ಲಿ ಮನೆಗಳಿಗಿಂತ ಉಳಿದ ಕುಟುಂಬಗಳಿಗೆ ಹೆಚ್ಚು ಅಂಕ ಎಂಬ ನಿಯಮಗಳನ್ನು ಸೇರಿಸಿದರೆ ಆಟದ ತಂತ್ರವೇ ಬದಲಾಗುತ್ತದೆ. ಆಕ್ರಮಣವನ್ನು ತಡೆಯುವವನು, ಹೋರಾಡದೆ ಕಾಯುವವನು, ಸಂಧಿಯನ್ನು ಮುರಿಯದವನು ಜಾಣನೆನಿಸುತ್ತಾನೆ. ಗೃಹಸ್ಥನಿಗೆ ವಿರೋಧಿ ಹಿಂಸೆಯನ್ನು ಸಂಪೂರ್ಣವಾಗಿ ಬಿಡಲಾಗದು, ಸಂಕಲ್ಪಹಿಂಸೆಯನ್ನು ಬಿಡಲೇಬೇಕು ಎಂಬ ಶ್ರಾವಕಾಚಾರದ ವಿವೇಕವೂ ಇದೇ. ಗೊಮ್ಮಟೇಶ್ವರನ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಗಂಗರ ದಂಡನಾಯಕನಾಗಿದ್ದನೆಂಬುದನ್ನು ಇಲ್ಲಿ ನೆನೆಯಬಹುದು. ಯುದ್ಧವನ್ನು ಬಲ್ಲ ಆತನು ಬೆಟ್ಟದ ಮೇಲೆ ನಿಲ್ಲಿಸಿದ್ದು ಗೆದ್ದೂ ರಾಜ್ಯವನ್ನು ತೊರೆದವನನ್ನು.

ಮಿತಿಗಳೂ ಸ್ಪಷ್ಟವಿರಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವ ಐದು ಅನರ್ಥದಂಡಗಳು, ಅಂದರೆ ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ, ಇವು ಇಲ್ಲಿ ಒರೆಗಲ್ಲಾಗುತ್ತವೆ. ಪಣವಿಟ್ಟು ಆಡಿದರೆ ಆಟವು ಸಪ್ತವ್ಯಸನಗಳಲ್ಲೊಂದಾದ ದ್ಯೂತವಾಗುತ್ತದೆ. ಇಂದು ಬದುಕಿರುವ ಯಾವುದೇ ಜನಾಂಗವನ್ನು ಶತ್ರುವಾಗಿಸಿ ಅದರ ನಾಶವನ್ನು ಬಯಸಿದರೆ ಅದು ಅಪಧ್ಯಾನ. ಊಟ, ಓದು, ಸಾಮಾಯಿಕದ ಹೊತ್ತನ್ನು ನುಂಗಿದರೆ ಪ್ರಮಾದ. ಇವಿಲ್ಲದೆಡೆ ನಿಷೇಧಕ್ಕಿಂತ ಮಾರ್ಗದರ್ಶನ ಲೇಸು. ನಿಷೇಧಿಸಿದ ಆಟವನ್ನು ಮಗುವು ಬೇರೆಯವರ ಮನೆಯಲ್ಲಿ, ಬೇರೆಯವರ ನಿಯಮದಂತೆ ಆಡುತ್ತದೆ.

ಬಸದಿಗಳ ಆಡಳಿತ ಮಂಡಳಿಗಳು ರಜೆಯಲ್ಲಿ ನಡೆಸುವ ಪಾಠಶಾಲೆ, ಸಂಸ್ಕಾರ ಶಿಬಿರಗಳಲ್ಲಿ ಒಂದು ದಿನವನ್ನು ಇದಕ್ಕೆ ಮೀಸಲಿಡಬಹುದು. ರಟ್ಟು, ಬಣ್ಣ, ದಾಳ, ಹುಣಿಸೆಬೀಜ ಇಷ್ಟೇ ಸಾಮಗ್ರಿ. ಮಕ್ಕಳೇ ನಿಯಮ ಬರೆಯಲಿ, ಹಿರಿಯರು ಪಕ್ಕದಲ್ಲಿ ಕುಳಿತು "ಈ ಮನೆಯಲ್ಲಿದ್ದವರು ಎಲ್ಲಿ ಹೋದರು?" ಎಂಬ ಪ್ರಶ್ನೆಯೊಂದನ್ನು ಕೇಳಲಿ. ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳಿಂದಲೂ ಕರ್ಮಾಸ್ರವವಾಗುತ್ತದೆಂದು ತಿಳಿದವರಿಗೆ, ಆಡುವವನಿಗಿಂತ ನಿಯಮ ಮಾಡುವವನ ಹೊಣೆ ದೊಡ್ಡದೆಂಬುದನ್ನು ವಿವರಿಸಬೇಕಾಗಿಲ್ಲ. ಇಂದು ರಟ್ಟಿನ ರಾಜ್ಯಕ್ಕೆ ನಿಯಮ ಬರೆಯುವ ಬಾಲಕನು ಮುಂದೆ ಅಂಗಡಿಗೋ ಸಂಘಕ್ಕೋ ಊರಿಗೋ ನಿಯಮ ಬರೆಯುವವನಾಗುತ್ತಾನೆ. ಖರ್ಚಿನ ಖಾತೆಯನ್ನು ಮುಚ್ಚಿಡದ ಅಭ್ಯಾಸವು ಅವನಿಗೆ ಈ ವಯಸ್ಸಿನಲ್ಲಿಯೇ ಬಂದರೆ ಒಳಿತು.