ಹಿಟ್ಟಿನ ಕೋಳಿಯ ಪ್ರಶ್ನೆ

ಜೈನ ಕವಿ ಜನ್ನ ‘ಯಶೋಧರ ಚರಿತೆ’ಯನ್ನು ಬರೆದದ್ದು 1209ರಲ್ಲಿ. ಅದರ ನಾಯಕ ಯಶೋಧರ ಜೀವಂತ ಪ್ರಾಣಿಯನ್ನು ಬಲಿಕೊಡಲು ಒಪ್ಪುವುದಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ದೇವಿಯ ಮುಂದೆ ಕಡಿಯುತ್ತಾನೆ. ಮನಸ್ಸಿನಲ್ಲಷ್ಟೇ ನಡೆದ ಆ ಸಂಕಲ್ಪ ಹಿಂಸೆಯೊಂದಕ್ಕಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ. ಇದಕ್ಕೂ ಸುಮಾರು ಏಳು ಶತಮಾನ ಹಿಂದೆ, 517ರಲ್ಲಿ, ಚೀನಾದ ಲಿಯಾಂಗ್ ವಂಶದ ಚಕ್ರವರ್ತಿ ವೂ ಪೂರ್ವಜರ ಪೂಜೆಯಲ್ಲಿ ಪ್ರಾಣಿಬಲಿಯನ್ನು ನಿಲ್ಲಿಸಿ ಹಿಟ್ಟಿನ ಪ್ರಾಣಿಗಳನ್ನು ಇಡುವಂತೆ ಆಜ್ಞೆ ಮಾಡಿದ್ದ. ಬೌದ್ಧನಾದ ಅವನಿಗೆ ಅದು ಕರುಣೆಯ ಕೆಲಸ. ಮುಂದೆ ಚೀನಾದ ವಿಹಾರಗಳ ಅಡುಗೆಮನೆಗಳಲ್ಲಿ ಗೋಧಿಯ ಅಂಟಿನಿಂದ ಬಾತುಕೋಳಿ, ಮೀನುಗಳನ್ನು ಹೋಲುವ ತಿನಿಸುಗಳೂ ಬೆಳೆದವು. ಒಂದೇ ಹಿಟ್ಟು ಅಲ್ಲಿ ಪುಣ್ಯ, ಇಲ್ಲಿ ಪಾಪ. ಇಂದು ಸೋಯಾ, ಬಟಾಣಿಗಳ ಪ್ರೋಟೀನನ್ನು ಬಿಸಿ ಮತ್ತು ಒತ್ತಡದ ಯಂತ್ರದಲ್ಲಿ ಹಾಯಿಸಿ ಮಾಂಸದ ಎಳೆಗಳಂತೆ ಮಾಡುತ್ತಾರೆ; ಬೀಟ್‌ರೂಟ್ ರಸದಿಂದ ಅದಕ್ಕೆ ರಕ್ತದ ಬಣ್ಣ ಕೊಡುವವರೂ ಇದ್ದಾರೆ. ಅಹಿಂಸೆಯನ್ನು ಗಂಭೀರವಾಗಿ ತೆಗೆದುಕೊಳ್ಳುವವರು ಇದನ್ನು ಯಾವ ಹಿಟ್ಟಿನ ಸಾಲಿಗೆ ಸೇರಿಸಬೇಕು?

ಜೈನ, ಬೌದ್ಧ ಎರಡೂ ಪರಂಪರೆಗಳು ನೋಡುವುದು ಸಂಕಲ್ಪವನ್ನೇ ಎಂಬುದು ನನ್ನ ವಾದ. ಯಶೋಧರ ಜೀವಂತ ಕೋಳಿಯನ್ನು ಕಡಿಯಲು ಒಪ್ಪಲಿಲ್ಲ ನಿಜ, ಆದರೆ ಬಲಿಯನ್ನು ಕೈಬಿಡಲಿಲ್ಲ. ಬಲಿಯಿಂದ ಶಾಂತಿ ಸಿಗುತ್ತದೆ ಎಂಬ ತಾಯಿಯ ನಂಬಿಕೆಗೆ ಮಣಿದು, ಕೊಲ್ಲುವ ಭಾವದಿಂದಲೇ ಕತ್ತಿ ಎತ್ತಿದ. ವೂ ಚಕ್ರವರ್ತಿಯ ಆಜ್ಞೆಯಲ್ಲಿದ್ದದ್ದು ಅದಕ್ಕೆ ತದ್ವಿರುದ್ಧ ಭಾವ: ಆಚರಣೆ ಉಳಿಯಲಿ, ಜೀವವೂ ಉಳಿಯಲಿ. ಮಾಂಸದ ರುಚಿಯನ್ನು ಬಿಡಲಾಗದೆ ಸೋಯಾ ಕಬಾಬ್ ತಿನ್ನುವವನು ಈ ಎರಡನೆಯ ಸಾಲಿಗೆ ಸೇರುತ್ತಾನೆ. ಮಾಂಸದ ಆಸೆ ಮನಸ್ಸಿನಲ್ಲಿ ಉಳಿದೇ ಇದೆಯಲ್ಲ, ಇದೆಂಥ ಅಹಿಂಸೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸುಳ್ಳಲ್ಲ, ಆದರೆ ಅದು ಮುನಿಗೆ ಕೇಳಬೇಕಾದ ಪ್ರಶ್ನೆ. ಜೈನಧರ್ಮ ಮುನಿಗಳಿಗೆ ಮಹಾವ್ರತವನ್ನೂ ಗೃಹಸ್ಥರಿಗೆ ಅಣುವ್ರತವನ್ನೂ ಬೇರೆಬೇರೆಯಾಗಿ ಹೇಳಿರುವುದು ಇದಕ್ಕೇ. ನಾಲಿಗೆಯ ಮೋಹ ದೋಷವೇ ಹೌದು. ತುಪ್ಪ ಸುರಿದ ಹೋಳಿಗೆಗೂ ಆ ದೋಷ ಅಷ್ಟೇ ಅಂಟುತ್ತದೆ. ಮೋಹವನ್ನೂ ಕೊಲೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಕೋಳಿಗೆ ನ್ಯಾಯ ಸಿಗುವುದಿಲ್ಲ.

ಸಂಕಲ್ಪ ಒಳ್ಳೆಯದಿದ್ದರೆ ಸಾಕೆ? ಸಾಲದು. ಉಮಾಸ್ವಾತಿ ‘ತತ್ತ್ವಾರ್ಥಸೂತ್ರ’ದಲ್ಲಿ ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ, ಪ್ರಾಣಕ್ಕೆ ಎರವಾಗುವುದನ್ನು ಹಿಂಸೆ ಎಂದಿದ್ದಾನೆ. ಹಾಗಾದರೆ ತಿಳಿಯಬಹುದಾದದ್ದನ್ನು ತಿಳಿಯದೆ ಇರುವುದೂ ಹಿಂಸೆಯ ಬೇರಾಗುತ್ತದೆ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪೂರ್ ಮತ್ತು ನೆಮೆಚೆಕ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜಗತ್ತಿನ ಕೃಷಿಭೂಮಿಯಲ್ಲಿ ಸುಮಾರು 83%ರಷ್ಟನ್ನು ಮಾಂಸ, ಹಾಲು, ಮೊಟ್ಟೆ, ಸಾಕುಮೀನುಗಳೇ ಬಳಸುತ್ತವೆ; ಅವುಗಳಿಂದ ನಮಗೆ ದಕ್ಕುವುದು 37% ಪ್ರೋಟೀನ್, 18% ಕ್ಯಾಲೊರಿ. ಗಿಡಕ್ಕೂ ಜೀವವಿಲ್ಲವೇ ಎಂಬ ಹಳೆಯ ಆಕ್ಷೇಪಕ್ಕೆ ಉತ್ತರ ಇಲ್ಲಿಯೇ ಇದೆ. ಜಗತ್ತಿನಲ್ಲಿ ಬೆಳೆಯುವ ಸೋಯಾದ ಬಹುಪಾಲು ಹೋಗುವುದು ಕೋಳಿ, ಹಂದಿ, ದನಗಳ ಮೇವಿಗೆ. ಮಾಂಸ ತಿನ್ನುವವರು ಪ್ರಾಣಿಯ ಮೂಲಕ ಹೆಚ್ಚು ಗಿಡಗಳನ್ನೇ ತಿನ್ನುತ್ತಾರೆ. ಗಿಡಗಳಂಥ ಏಕೇಂದ್ರಿಯ ಜೀವಗಳ ಲೆಕ್ಕ ಹಿಡಿದರೂ ಕಾಳು ತಿನ್ನುವ ದಾರಿಯಲ್ಲಿ ಸಾವು ಕಡಿಮೆ. ಸಸ್ಯಾಹಾರಿಗಳು ಇಲ್ಲಿ ನೆಮ್ಮದಿಯ ಉಸಿರು ಬಿಟ್ಟು ಕೂರುವಂತಿಲ್ಲ. ಆ 83%ರಲ್ಲಿ ಹಾಲೂ ಸೇರಿದೆ. ಹೈನುಗಾರಿಕೆಗೆ ಬೇಡವಾದ ಗಂಡುಕರುಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳದೆ ಹಾಲು ಕುಡಿಯುವುದು ಪ್ರಮಾದವಲ್ಲದೆ ಇನ್ನೇನು?

ಇದೇ ಅಳತೆಗೋಲನ್ನು ಮನುಷ್ಯರ ಕಡೆಗೂ ಹಿಡಿಯಬೇಕು. ನನಗೆ ಹೆಚ್ಚು ಮುಖ್ಯವಾದದ್ದು ಈ ಭಾಗವೇ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಜನರ ಬಾಯಲ್ಲಿ ಸಿಎಫ್‌ಟಿಆರ್‌ಐ, 1950ರಲ್ಲಿ ಶುರುವಾದ ಮೇಲೆ ಕೈಗೆತ್ತಿಕೊಂಡ ಕೆಲಸಗಳಲ್ಲಿ ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟಿಗೆ ಹುರಿಗಡಲೆ ಹಿಟ್ಟು, ಜೀವಸತ್ವಗಳನ್ನು ಬೆರೆಸಿದ ಬಹೂಪಯೋಗಿ ಆಹಾರವೂ ಒಂದು; ಕಡಲೆಕಾಯಿ ಪ್ರೋಟೀನನ್ನು ಹಾಲಿಗೆ ಸೇರಿಸಿದ ‘ಮಿಲ್ಟೋನ್’ ಇನ್ನೊಂದು. ಆ ವಿಜ್ಞಾನಿಗಳ ಕಣ್ಣ ಮುಂದೆ ಇದ್ದದ್ದು ಸೊರಗಿದ ಮಕ್ಕಳು. ಆ ತಿನಿಸುಗಳ ಗುರಿ ಮಾಂಸದ ಅನುಕರಣೆಯಾಗಿರಲಿಲ್ಲ. ಇಂದು ಮಾಲ್‌ಗಳ ಫ್ರೀಜರಿನಲ್ಲಿ ಕೂತ ದುಬಾರಿ ಸಸ್ಯಮಾಂಸ ಕೂಲಿಯವರ ತಟ್ಟೆಗೆ ಬರುವುದಿಲ್ಲ. ಅದರಲ್ಲಿ ಉಪ್ಪು ಹೆಚ್ಚಿರುವುದುಂಟು, ಬಿ12 ಅನ್ನು ಹೊರಗಿನಿಂದ ಬೆರೆಸದಿದ್ದರೆ ಇರುವುದೂ ಇಲ್ಲ. ಕೋಳಿಯನ್ನು ಉಳಿಸುವ ಸಂಕಲ್ಪಕ್ಕೆ ಮಗುವನ್ನು ಉಳಿಸುವ ಸಂಕಲ್ಪ ಜೊತೆಯಾಗದಿದ್ದರೆ ಅದು ಉಳ್ಳವರ ಮನಸ್ಸಮಾಧಾನವಷ್ಟೇ. ಹೊಸ ಪ್ರೋಟೀನಿನ ಸಂಶೋಧನೆ ಹುರಳಿ, ಅವರೆ, ತೊಗರಿಗಳ ಕಡೆಗೆ ತಿರುಗಬೇಕು. ಅಕ್ಕಿ, ರಾಗಿಗಳಲ್ಲಿ ಕೊರತೆಯಾಗುವ ಲೈಸಿನ್ ಬೇಳೆಕಾಳುಗಳಲ್ಲಿ ಧಾರಾಳವಾಗಿದೆ. ಮುದ್ದೆ ಮತ್ತು ಹುರಳಿ ಸಾರಿನ ಜೋಡಿ ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಬೇಯಲು ಹೊತ್ತು ಹಿಡಿಯುವ, ಹೊಟ್ಟೆಯುಬ್ಬರ ತರುವ ಹುರಳಿಯನ್ನು ಸುಲಭವಾಗಿ ಜೀರ್ಣವಾಗುವ, ಅಗ್ಗದ ತಿನಿಸಾಗಿ ಮಾಡಿಕೊಟ್ಟವರು ನನ್ನ ಲೆಕ್ಕದಲ್ಲಿ ರಕ್ತದ ಬಣ್ಣ ಬೆರೆಸುವವರಿಗಿಂತ ದೊಡ್ಡ ಕೆಲಸ ಮಾಡಿದಂತೆ.

ಅಹಿಂಸೆಯ ಈ ಮಾತನ್ನು ಮೊಟ್ಟೆಯ ವಿರುದ್ಧದ ಅಸ್ತ್ರವಾಗಿ ಬಳಸುವವರಿದ್ದಾರೆ ಎಂಬ ಆತಂಕ ಆಧಾರವಿಲ್ಲದ್ದಲ್ಲ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ಈ ನಾಡಿನಲ್ಲಿ ಸಸ್ಯಾಹಾರಕ್ಕೆ ಜಾತಿಯ ಶ್ರೇಷ್ಠತೆಯ ನೆರಳು ಬಿದ್ದಿದೆ. ಮಾಂಸ ತಿನ್ನುವವರನ್ನು ಕೀಳಾಗಿ ಕಂಡ ಚರಿತ್ರೆ ಅದಕ್ಕಿದೆ. ಹಸಿದ ಮಗುವಿನ ತಟ್ಟೆಯಿಂದ ಮೊಟ್ಟೆಯನ್ನು ಕಸಿದು, ಸಮನಾದ ಇನ್ನೊಂದನ್ನು ಇಡದೆ, ಅಹಿಂಸೆ ಎನ್ನುವವರಲ್ಲಿ ಯಾರ ಮೇಲಿನ ಕರುಣೆಯಿದೆ? ಸಂಕಲ್ಪವನ್ನು ಅಳೆಯುವ ಜನ್ನನ ಕ್ರಮದಲ್ಲಿ ಅವರೂ ಹಿಟ್ಟಿನ ಕೋಳಿ ಕಡಿದವರೇ. ಅದೇ ಮಗುವಿಗೆ ಮೊಟ್ಟೆಯಷ್ಟೇ ಬಲ ಕೊಡುವ, ಅದು ಇಷ್ಟಪಟ್ಟು ತಿನ್ನುವ ಕಾಳಿನ ತಿನಿಸನ್ನು ಮೊದಲು ತಯಾರಿಸಿ, ಮೊಟ್ಟೆಯ ಪಕ್ಕದಲ್ಲಿಟ್ಟು, ಆಯ್ಕೆಯನ್ನು ಮಗುವಿನ ಮನೆಯವರಿಗೆ ಬಿಟ್ಟರೆ ಅಹಿಂಸೆಯ ಮಾತಾಡುವ ಹಕ್ಕು ಸಿಗುತ್ತದೆ. ಮಠಗಳಿಗೆ ಹೊಲಗಳಿವೆ, ದಾಸೋಹದ ಒಲೆಗಳಿವೆ. ಈ ಕೆಲಸವನ್ನು ನಾಳೆಯೇ ಶುರುಮಾಡಲು ಅವರಿಗೆ ಯಾರ ಅಪ್ಪಣೆಯೂ ಬೇಕಿಲ್ಲ.